ಹೊಸೂರು ರಸ್ತೆಯಲ್ಲೊಂದು ಬಾಣಂತನ

ಬೆಂಗಳೂರಿಗೆ ಬಂದವರು ಲಾಲ್‌ಬಾಗನ್ನು ನೋಡದೆ ಊರಿಗೆ ಮರಳುವುದು ಅಪರೂಪ. ಗಾಜಿನ ಮನೆ, ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಹೆಬ್ಬಂಡೆ, ಕೆರೆಯ ಏರಿ ಇವಿಷ್ಟನ್ನೂ ಕಂಡು, ಹೆಬ್ಬಾಗಿಲಿನಲ್ಲಿ ಕಡಲೆಕಾಯಿ ಕೊಂಡು, ಮಕ್ಕಳ ಕೈ ಹಿಡಿದು ಅವರು ಬಸ್ಸು ಹತ್ತುತ್ತಾರೆ. ಆದರೆ ಆ ತೋಟದ ಪೂರ್ವದ ಅಂಚನ್ನು ಸವರಿಕೊಂಡು ತೆಂಕಣಕ್ಕೆ ಸಾಗುವ ಹೊಸೂರು ರಸ್ತೆಯಲ್ಲಿ ಇನ್ನೊಂದು ಬಗೆಯ ಪ್ರಯಾಣಿಕರೂ ಇದ್ದಾರೆ. ಅವರ ಕೈಯಲ್ಲಿ ಕಡಲೆಕಾಯಿಯ ಪೊಟ್ಟಣವಿಲ್ಲ. ಹಳೆಯ ಚೀಟಿಗಳನ್ನು ತುಂಬಿದ ಒಂದು ಚೀಲವಿದೆ. ಅವರ ಕಣ್ಣು ಹೂವಿನ ಮೇಲಿಲ್ಲ. ಬಸ್ಸಿನ ನಿರ್ವಾಹಕನು ಯಾವ ನಿಲ್ದಾಣದ ಹೆಸರನ್ನು ಕೂಗುತ್ತಾನೆ ಎಂಬುದರ ಮೇಲಿದೆ.

ಲಾಲ್‌ಬಾಗನ್ನು ಬೆಳೆಸಿದ ತೋಟಗಾರಿಕಾ ತಜ್ಞ ಡಾ. ಎಂ. ಎಚ್. ಮರಿಗೌಡರ ಹೆಸರನ್ನು ಈ ರಸ್ತೆಯ ಒಂದು ಭಾಗಕ್ಕೆ ಇಟ್ಟಿದ್ದಾರೆ. ಅದನ್ನು ಆಸ್ಪತ್ರೆಗಳ ಬೀದಿಯೆಂದು ಕರೆದರೂ ತಪ್ಪಾಗದು. ಕ್ಯಾನ್ಸರ್ ರೋಗಿಗಳ ಆಶಾಕೇಂದ್ರವಾದ ಕಿದ್ವಾಯಿ ಸಂಸ್ಥೆ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ನಿಮ್ಹಾನ್ಸ್ ಎಲ್ಲವೂ ಇಲ್ಲಿ ಆಸುಪಾಸಿನಲ್ಲಿವೆ. ಮುಂದೆ ಡೇರಿ ವೃತ್ತ. ಅದರಾಚೆ ರಸ್ತೆ ನಾಡಿನ ಗಡಿಯನ್ನು ದಾಟಿ ಹೊಸೂರಿನ ಕಡೆಗೆ ಹೊರಟುಬಿಡುತ್ತದೆ.

ಒಮ್ಮೊಮ್ಮೆ ಈ ಬೀದಿಯಲ್ಲಿ ಒಬ್ಬ ಬಾಣಂತಿ ಬಸ್ಸಿನಿಂದಿಳಿಯುವುದುಂಟು. ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ, ಕಿವಿಯಲ್ಲಿ ಹತ್ತಿ, ಕಾಲಿಗೆ ಕಾಲುಚೀಲ. ಮಗು ಅವಳ ತೋಳಿನಲ್ಲಿಲ್ಲ; ಹಿಂದೆ ಬರುವ ಅವಳ ತಾಯಿಯ ಎದೆಗೊರಗಿದೆ. ಗಂಡ ಮುಂದೆ ಮುಂದೆ ನಡೆದು ದಾರಿ ವಿಚಾರಿಸುತ್ತಾನೆ. ನೋಡಿದವರು ಕೂಸಿಗೇನೋ ಕಾಯಿಲೆ ಎಂದುಕೊಳ್ಳುತ್ತಾರೆ. ಆದರೆ ಕೂಸು ಆರೋಗ್ಯವಾಗಿದೆ. ಕುಟುಂಬ ತಿರುಗುವುದು ನಿಮ್ಹಾನ್ಸಿನ ಕಡೆಗೆ. ಚಿಕಿತ್ಸೆ ಬೇಕಾಗಿರುವುದು ತಾಯಿಯ ಮನಸ್ಸಿಗೆ.

ಹೆಸರು ಬದಲಾಯಿಸಿಕೊಂಡ ಮನೆ

ನಿಮ್ಹಾನ್ಸಿನ ಆವರಣವನ್ನು ಹೊಕ್ಕವರಿಗೆ ಮೊದಲು ಎದುರಾಗುವುದು ಮರಗಳ ನೆರಳು. ಹೊರಗಿನ ವಾಹನಗಳ ಮೊರೆತವನ್ನು ಆ ನೆರಳೇ ಅರ್ಧ ನುಂಗಿಕೊಂಡಂತೆ ತೋರುತ್ತದೆ. ಮರಗಳ ನಡುವೆ ಹಳೆಯ ಕಲ್ಲಿನ ಕಟ್ಟಡ. ಅದರ ಸುತ್ತ ಹೊಸ ಕಾಲದ ಕಟ್ಟಡಗಳು ಬೆಳೆದಿವೆ.

ಈ ಸಂಸ್ಥೆಯ ಕಥೆ 1847ರಷ್ಟು ಹಿಂದಿನದು. ಆಗ ಅದರ ಹೆಸರೇ ಹುಚ್ಚಾಸ್ಪತ್ರೆ ಎಂಬ ಅರ್ಥದ್ದಾಗಿತ್ತು. 1925ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅದನ್ನು ಮಾನಸಿಕ ಆಸ್ಪತ್ರೆಯೆಂದು ಕರೆಯಿತು. ಹೆಸರಿನ ಈ ಬದಲಾವಣೆ ಅಲ್ಪವಾದದ್ದಲ್ಲ. ಅಲ್ಲಿಯವರೆಗೆ ಕೂಡಿಹಾಕಬೇಕಾದ ಜನವೆಂದು ಎಣಿಸಿದ್ದವರನ್ನು ಇನ್ನು ಮುಂದೆ ಗುಣಪಡಿಸಬೇಕಾದ ರೋಗಿಗಳೆಂದು ಎಣಿಸತಕ್ಕದ್ದು ಎಂಬ ಮಾತನ್ನು ಆ ಹೆಸರು ಹೇಳುತ್ತಿತ್ತು. ಡಾ. ಫ್ರಾಂಕ್ ನೊರೊನ್ಹಾ ಅವರ ಕಾಲದಲ್ಲಿ, 1930ರ ದಶಕದಲ್ಲಿ, ಆಸ್ಪತ್ರೆ ಈಗಿನ ವಿಶಾಲವಾದ ಸ್ಥಳಕ್ಕೆ ಬಂದಿತು. ಅವರ ತರುವಾಯ ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದನ್ನು ಮುನ್ನಡೆಸಿದರು. 1954ರಲ್ಲಿ ಇಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು. 1974ರಲ್ಲಿ ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. 2012ರಲ್ಲಿ ಅದಕ್ಕೆ ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂಬ ಮನ್ನಣೆ ದೊರೆಯಿತು.

ಹೆಸರು ಮೂರು ಬಾರಿ ಬದಲಾದರೂ ಜನರ ಅಂಜಿಕೆ ಪೂರ್ತಿಯಾಗಿ ಬದಲಾಗಿಲ್ಲ. ಬೆಂಗಳೂರಿನ ಹುಡುಗರು ಜಗಳದಲ್ಲಿ ಒಬ್ಬರನ್ನೊಬ್ಬರು ಹಂಗಿಸುವುದಕ್ಕೆ ಇಂದಿಗೂ ಈ ಆಸ್ಪತ್ರೆಯ ಹೆಸರನ್ನೇ ಬಳಸುತ್ತಾರೆ. ಹಾಗಿರುವಾಗ ಹೆತ್ತು ಎರಡು ತಿಂಗಳಾಗದ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದರೆ ಹೆತ್ತವರ ಕಾಲು ಮುಂದಕ್ಕೆ ಬಾರದಿರುವುದು ಸಹಜ. “ನಾಳೆ ಜನ ಏನೆಂದಾರು? ಇವಳ ತಂಗಿಯ ಮದುವೆ ಇನ್ನೂ ಆಗಬೇಕಲ್ಲ?” ಈ ಪ್ರಶ್ನೆಗಳು ಎಷ್ಟೋ ಮನೆಗಳಲ್ಲಿ ಚಿಕಿತ್ಸೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದಕ್ಕೆ ತಳ್ಳಿಬಿಡುತ್ತವೆ.

ಇಲ್ಲಿ ತಾಯಿ ಮಕ್ಕಳಿಗೆಂದೇ ಒಂದು ವಿಭಾಗವಿದೆಯೆಂಬುದು ಅನೇಕರಿಗೆ ತಿಳಿಯದು. 2009ರಲ್ಲಿ ಐದು ಹಾಸಿಗೆಗಳೊಂದಿಗೆ ಅದು ಆರಂಭವಾಯಿತು. ಮನೋವೈದ್ಯೆ ಡಾ. ಪ್ರಭಾ ಚಂದ್ರ ಅವರ ಹೆಸರು ಈ ಸೇವೆಯೊಂದಿಗೆ ಹೆಣೆದುಕೊಂಡಿದೆ. ಭಾರತದಲ್ಲಿ ಇಂಥದೊಂದು ಪ್ರತ್ಯೇಕ ವಿಭಾಗ ತೆರೆದದ್ದು ಅದೇ ಮೊದಲು. ಅಲ್ಲಿಯ ನಿಯಮ ಸರಳವಾದದ್ದು: ತಾಯಿಯೊಂದಿಗೆ ಕೂಸೂ ಇರಬೇಕು, ಅವರಿಬ್ಬರೊಂದಿಗೆ ಮನೆಯ ಒಬ್ಬ ಹೆಂಗಸೂ ಇರಬೇಕು. ಸಾಮಾನ್ಯವಾಗಿ ಹಾಗೆ ಉಳಿಯುವವಳು ಬಾಣಂತಿಯ ಹೆತ್ತ ತಾಯಿ. ತವರಿನ ಬಾಣಂತನವೇ ಗಂಟುಮೂಟೆ ಕಟ್ಟಿಕೊಂಡು ಹೊಸೂರು ರಸ್ತೆಗೆ ಬಂದಿಳಿದಂತೆ!

ಒಂದು ಮನೆಯ ಕಥೆ

ಹಾಸನದ ಕಡೆಯ ಒಂದು ಕುಟುಂಬವನ್ನು ಓದುಗರು ಊಹಿಸಿಕೊಳ್ಳಬಹುದು. ಇದು ಯಾರೋ ಒಬ್ಬರ ಕಥೆಯಲ್ಲ. ಹಲವರ ಕಷ್ಟಗಳಿಂದ ಕೂಡಿಸಿದ ಚಿತ್ರ. ಮಗಳಿಗೆ ಇಪ್ಪತ್ತಾರು ವರ್ಷ, ಚೊಚ್ಚಲ ಹೆರಿಗೆ. ತವರಿನಲ್ಲಿ ಬಾಣಂತನಕ್ಕೆ ಯಾವ ಕೊರತೆಯೂ ಇರಲಿಲ್ಲ. ಬೆಳಗ್ಗೆ ಎಣ್ಣೆ ಉಜ್ಜಿ ಹಂಡೆಯ ಬಿಸಿನೀರು ಹೊಯ್ಯುತ್ತಿದ್ದರು. ಓಮದ ಕಷಾಯ, ಮೆಣಸಿನ ಸಾರು, ಬೆಳ್ಳುಳ್ಳಿಯ ಅನ್ನ ಹೊತ್ತುಹೊತ್ತಿಗೆ ಬರುತ್ತಿತ್ತು. ಹನ್ನೊಂದನೆಯ ದಿನ ಪುಣ್ಯಾಹ, ಆಮೇಲೆ ತೊಟ್ಟಿಲ ಶಾಸ್ತ್ರ ಎಲ್ಲವೂ ಸಾಂಗವಾಗಿ ನಡೆದವು.

ಮೂರನೆಯ ದಿನ ಮಗಳು ಕಾರಣವಿಲ್ಲದೆ ಅತ್ತಳು. ಅದನ್ನು ಕಂಡು ಯಾರೂ ಗಾಬರಿಯಾಗಲಿಲ್ಲ, ಆಗಬೇಕಾದುದೂ ಇರಲಿಲ್ಲ. ಹೆತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮೊದಲ ವಾರದಲ್ಲಿ ಇಂಥ ಅಳು, ಸಿಡುಕು, ತಳಮಳ ಬಂದುಹೋಗುತ್ತದೆ. ದೇಹದ ಹಾರ್ಮೋನುಗಳು ಹೆರಿಗೆಯ ಬೆನ್ನಿಗೇ ತೀವ್ರವಾಗಿ ಇಳಿಯುವುದು, ನಿದ್ದೆಗೆಡುವುದು, ಹೊಸ ಹೊಣೆಯ ಭಯ ಇವೆಲ್ಲ ಸೇರಿ ಅದು ಹುಟ್ಟುತ್ತದೆ. ಎರಡು ವಾರಗಳೊಳಗೆ ಅದು ತಾನಾಗಿಯೇ ತಿಳಿಯಾಗುತ್ತದೆ. ಅದಕ್ಕೆ ಔಷಧ ಬೇಡ. ಸಮಾಧಾನದ ಮಾತು, ಎರಡು ಗಂಟೆ ಹೆಚ್ಚಿನ ನಿದ್ದೆ ಸಾಕು.

ಇವಳಿಗೆ ಮಾತ್ರ ಅದು ತಿಳಿಯಾಗಲಿಲ್ಲ. ಮೂರನೆಯ ವಾರ ಕಳೆಯಿತು, ಐದನೆಯದು ಬಂತು. ಮಗು ಮಲಗಿದರೂ ಅವಳಿಗೆ ನಿದ್ದೆಯಿಲ್ಲ. ಅನ್ನ ಕಲಸಿ ಹಾಗೆಯೇ ಬಿಡುತ್ತಿದ್ದಳು. ಮಗುವನ್ನು ಎತ್ತಿಕೊಳ್ಳೆಂದರೆ, “ನನ್ನ ಕೈಯಲ್ಲಿ ಆಗುವುದಿಲ್ಲ, ಬಿದ್ದುಹೋದರೆ?” ಎನ್ನುತ್ತಿದ್ದಳು. ಮೊದಲು ಓದುತ್ತಿದ್ದ ಕಾದಂಬರಿ ತಲೆದಿಂಬಿನ ಕೆಳಗೆ ಮುಚ್ಚಿಕೊಂಡೇ ಉಳಿಯಿತು. ಅಕ್ಕಪಕ್ಕದವರು ದೃಷ್ಟಿಯಾಗಿದೆ ಎಂದರು. ದೂರದ ಚಿಕ್ಕಮ್ಮ, ಗಾಳಿ ಸೋಕಿರಬೇಕು ಎಂದಳು. ತಾಯಿ ಮೆಣಸಿನಕಾಯಿ ಉಪ್ಪು ನಿವಾಳಿಸಿ ಒಲೆಗೆ ಹಾಕಿದಳು; ಅತ್ತು ಕರೆದು ಗದರಿಸಿದಳು: “ಮುತ್ತಿನಂಥ ಮಗು ಎದುರಿಗಿರುವಾಗ ಏನಮ್ಮಾ ನಿನಗೆ ದುಃಖ?”

ಆ ಪ್ರಶ್ನೆಯೇ ಮಗಳಿಗೆ ಕತ್ತಿಯಂತೆ ನಾಟಿತು. ಏಕೆಂದರೆ ಅವಳೂ ತನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದಳು. ಎಲ್ಲ ಇದ್ದೂ ಸಂತೋಷಪಡಲಾರದ ತಾನು ಕೆಟ್ಟ ತಾಯಿಯೆಂದು ತೀರ್ಮಾನಿಸಿಕೊಂಡಿದ್ದಳು. ಒಂದು ರಾತ್ರಿ ಅವಳು ಮೆಲ್ಲನೆ, “ನಾನಿಲ್ಲದಿದ್ದರೆ ಈ ಮಗುವಿಗೆ ಒಳ್ಳೆಯದಾಗುತ್ತದೆ, ಅಮ್ಮಾ” ಎಂದಳು. ತಾಯಿಯ ಎದೆ ಧಸಕ್ಕೆಂದಿತು. ಆ ರಾತ್ರಿ ಅವಳು ಮಗಳ ಪಕ್ಕದಿಂದ ಏಳಲಿಲ್ಲ. ಮರುದಿನ ಮಗುವಿಗೆ ಲಸಿಕೆ ಹಾಕಿಸಲು ಬಂದಾಗ ಆಶಾ ಕಾರ್ಯಕರ್ತೆಗೆ ಅಂಜುತ್ತಲೇ ಹೇಳಿದಳು. ಆಕೆ ನಗಲಿಲ್ಲ, ಬಯ್ಯಲಿಲ್ಲ. ತಾಯಿ ಕಾರ್ಡಿನೊಂದಿಗೆ ಅದೇ ದಿನ ವೈದ್ಯರ ಬಳಿಗೆ ಕರೆದೊಯ್ದಳು. ಅಲ್ಲಿಂದ ಬೆಂಗಳೂರಿನ ದಾರಿ ತೆರೆಯಿತು.

ಇದು ಹೆರಿಗೆಯ ನಂತರದ ಖಿನ್ನತೆ. ಭಾರತದಲ್ಲಿ ನಡೆದ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಒಂದು ಲೆಕ್ಕಾಚಾರದಂತೆ ನಮ್ಮ ದೇಶದಲ್ಲಿ ಹೆತ್ತವರ ಪೈಕಿ ನೂರಕ್ಕೆ ಸುಮಾರು 22 ಮಂದಿಗೆ ಇದು ತಗಲುತ್ತದೆ. ಐದು ತೊಟ್ಟಿಲುಗಳಲ್ಲಿ ಒಂದರ ಪಕ್ಕದ ತಾಯಿ! ಹಾಗಿದ್ದೂ ಇದು ಮನೆಮಾತಾಗಿಲ್ಲ.

ಮೂರನೆಯ ಬಗೆಯೊಂದಿದೆ, ಅದು ವಿರಳ, ಆದರೆ ಉಗ್ರ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ, ಹೆಚ್ಚಾಗಿ ಮೊದಲ ಎರಡು ವಾರಗಳಲ್ಲಿ, ಅದು ಹಠಾತ್ತನೆ ಬರುತ್ತದೆ. ನಿದ್ದೆ ಪೂರ್ಣವಾಗಿ ಹೋಗುತ್ತದೆ. ಮಾತು ಹಳಿ ತಪ್ಪುತ್ತದೆ. ಇಲ್ಲದ ದನಿಗಳು ಕೇಳಿಸುತ್ತವೆ. ಮಗು ತನ್ನದಲ್ಲ, ಅಥವಾ ಅದಕ್ಕೇನೋ ಕೇಡಿದೆ ಎಂಬ ಭ್ರಮೆ ಹಿಡಿಯುತ್ತದೆ. ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದುದರಲ್ಲಿ ಇದೂ ಸೇರಿತ್ತು. ನಂಜಿನ ಜ್ವರದಿಂದ ಬರುವ ಕನವರಿಕೆಯೂ ಸೇರಿತ್ತು. ಎರಡಕ್ಕೂ ಒಂದೇ ಹೆಸರಿದ್ದರೂ ಚಿಕಿತ್ಸೆ ಬೇರೆ. ಆದುದರಿಂದ ವೈದ್ಯರು ಮೊದಲು ಜ್ವರ, ನಂಜು, ರಕ್ತಹೀನತೆ, ಥೈರಾಯ್ಡ್ ಗ್ರಂಥಿ ಇವೆಲ್ಲವನ್ನೂ ಪರೀಕ್ಷಿಸುತ್ತಾರೆ. ಸನ್ನಿಯ ಲಕ್ಷಣ ಕಂಡರೆ ಮುಹೂರ್ತ ನೋಡತಕ್ಕದ್ದಲ್ಲ. ಅಂದೇ ಆಸ್ಪತ್ರೆ ಸೇರಬೇಕು. ತಾಯಿಯನ್ನಾಗಲಿ, ತಾಯಿ ಕೂಸನ್ನಾಗಲಿ ಒಂಟಿಯಾಗಿ ಬಿಡಬಾರದು. ನಿಮ್ಹಾನ್ಸಿನ ವಿಭಾಗಕ್ಕೆ ಬರುವವರಲ್ಲಿ ಈ ಬಗೆಯವರೂ ಬಹಳ ಮಂದಿ.

ಹತ್ತು ಪ್ರಶ್ನೆಗಳು

ಖಿನ್ನತೆಯನ್ನು ಗುರುತಿಸುವುದಕ್ಕೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಸ್ಕಾಟ್ಲೆಂಡಿನಲ್ಲಿ ಜಾನ್ ಕಾಕ್ಸ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಎಡಿನ್‌ಬರೋ ಪಟ್ಟಿಯೆಂದು ಹೆಸರಾದ ಅದು ಇಂದು ಲೋಕದ ಬಹುಭಾಷೆಗಳಲ್ಲಿದೆ, ಕನ್ನಡದಲ್ಲಿಯೂ ಇದೆ. ಕಳೆದ ಏಳು ದಿನಗಳಲ್ಲಿ ನಗು ಬಂತೇ, ಮುಂದಿನದನ್ನು ನೆನೆದರೆ ಸಂತೋಷವಾಯಿತೇ, ಕಾರಣವಿಲ್ಲದೆ ನಿಮ್ಮನ್ನು ನೀವೇ ದೂರಿಕೊಂಡಿರಾ, ಭಯವಾಯಿತೇ, ದುಃಖದಿಂದ ನಿದ್ದೆ ಕೆಟ್ಟಿತೇ ಎಂಬ ತರಹದ ಪ್ರಶ್ನೆಗಳು ಅದರಲ್ಲಿವೆ. ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು ಮೂವತ್ತು. ಅಂಕ ಹತ್ತನ್ನು ಮೀರಿ ಹನ್ನೆರಡು ಹದಿಮೂರರ ಹತ್ತಿರ ಬಂದರೆ ವೈದ್ಯರು ಕೂಲಂಕಷವಾಗಿ ವಿಚಾರಿಸಬೇಕು. ಪಟ್ಟಿ ತೀರ್ಪು ಕೊಡುವುದಿಲ್ಲ. ಬಾಗಿಲು ತಟ್ಟುತ್ತದೆ, ಅಷ್ಟೆ.

ಕೊನೆಯ ಪ್ರಶ್ನೆ ತನಗೆ ತಾನೇ ಕೇಡು ಮಾಡಿಕೊಳ್ಳುವ ಯೋಚನೆ ಬಂದಿತೇ ಎಂಬುದು. ಒಟ್ಟು ಅಂಕ ಎಷ್ಟೇ ಕಡಿಮೆಯಿರಲಿ, ಈ ಒಂದಕ್ಕೆ ಹೌದೆಂಬ ಉತ್ತರ ಬಂದರೆ ಅದನ್ನು ಕಡೆಗಣಿಸುವಂತಿಲ್ಲ. ಹೀಗೆ ಬಾಯಿಬಿಟ್ಟು ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಮನೆಯವರು ಹೆದರುವುದುಂಟು. ಆ ಹೆದರಿಕೆಗೆ ಆಧಾರವಿಲ್ಲ. ಕೇಳಿದಾಗ ಎದೆಯ ಮೇಲಿನ ಬಂಡೆ ಸರಿದಂತಾಯಿತೆಂದು ಹೇಳುವ ತಾಯಂದಿರೇ ಹೆಚ್ಚು. ಹಾಸನದ ಆ ತಾಯಿ ಮಗಳ ಮಾತನ್ನು ತಳ್ಳಿಹಾಕದೆ ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತದ್ದೇ ಚಿಕಿತ್ಸೆಯ ಮೊದಲ ಹೆಜ್ಜೆಯಾಯಿತು.

ಬೇರ್ಪಡಿಸದ ಚಿಕಿತ್ಸೆ

ತಾಯಿಯ ಮನಸ್ಸು ಕೆಟ್ಟರೆ ಮಗುವನ್ನು ಬೇರೆ ಮಾಡುವುದೇ ಹಿಂದಿನ ಕ್ರಮವಾಗಿತ್ತು. ತಾಯಿ ಆಸ್ಪತ್ರೆಗೆ, ಕೂಸು ಅಜ್ಜಿಯ ಮನೆಗೆ. ಗುಣವಾಗಿ ಬರುವ ಹೊತ್ತಿಗೆ ಹಾಲು ಬತ್ತಿರುತ್ತಿತ್ತು. ಮಗುವಿಗೆ ತಾಯಿಯ ಮುಖ ಹೊಸದಾಗಿರುತ್ತಿತ್ತು. ಇಂಗ್ಲೆಂಡಿನ ಕ್ಯಾಸೆಲ್ ಆಸ್ಪತ್ರೆಯಲ್ಲಿ 1948ರಲ್ಲಿ ಟಾಮ್ ಮೇನ್ ಎಂಬ ವೈದ್ಯರು ತಾಯಿಯೊಂದಿಗೆ ಮಗುವನ್ನೂ ಸೇರಿಸಿಕೊಂಡು ಆ ಕಟ್ಟಳೆಯನ್ನು ಮುರಿದರು. ಭಾರತದಲ್ಲಿಯೂ ಅಮೃತಸರದ ಡಾ. ವಿದ್ಯಾಸಾಗರ್ ಅವರು 1950ರ ದಶಕದಲ್ಲಿ ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲಿಯೇ ಇರಿಸಿಕೊಂಡು ಚಿಕಿತ್ಸೆಯಲ್ಲಿ ಪಾಲುಗೊಳಿಸಿದ್ದರು. ಈ ಎರಡು ಹೊಳೆಗಳೂ ಹೊಸೂರು ರಸ್ತೆಯ ವಿಭಾಗದಲ್ಲಿ ಕೂಡಿಕೊಂಡಿವೆಯೆನ್ನಬಹುದು.

ಕಾನೂನೂ ಈಗ ಇದೇ ಮಾತನ್ನು ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ ಪ್ರಕಾರ, ಮಾನಸಿಕ ಚಿಕಿತ್ಸೆಗೆ ಸೇರಿದ ಹೆಂಗಸಿನಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಕೂಡದು. ತಾಯಿಯಿಂದ ಮಗುವಿಗೆ ಅಪಾಯವಿದೆಯೆಂದು ವೈದ್ಯರು ಕಂಡುಕೊಂಡಾಗ ಮಾತ್ರ ತಾತ್ಕಾಲಿಕವಾಗಿ ಹಾಗೆ ಮಾಡಬಹುದು. ನಮ್ಮ ಅಜ್ಜಿಯರು ಶಾಸ್ತ್ರವೆಂದು ನಂಬಿದ್ದುದನ್ನು ಸಂಸತ್ತು ಹಕ್ಕೆಂದು ಬರೆದಿದೆ.

ವಿಭಾಗದಲ್ಲಿ ಚಿಕಿತ್ಸೆ ಹಲವು ಕೈಗಳಿಂದ ನಡೆಯುತ್ತದೆ. ಮನೋವೈದ್ಯರು ಔಷಧವನ್ನು ನಿರ್ಧರಿಸುತ್ತಾರೆ. ಮನಶ್ಶಾಸ್ತ್ರಜ್ಞರು ಮಾತಿನ ಚಿಕಿತ್ಸೆ ನಡೆಸುತ್ತಾರೆ. ಸಮಾಜಕಾರ್ಯಕರ್ತರು ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಮಾತನಾಡುತ್ತಾರೆ. ದಾದಿಯರು ಹಾಲೂಡಿಸುವುದು, ಮೀಯಿಸುವುದು, ಅಳುವ ಕೂಸನ್ನು ಸಂತೈಸುವುದು ಇವೆಲ್ಲವನ್ನೂ ತಾಯಿಯಿಂದಲೇ ಮೆಲ್ಲಮೆಲ್ಲನೆ ಮಾಡಿಸುತ್ತಾರೆ. ಮೊದಲ ದಿನ ಐದು ನಿಮಿಷ ಎತ್ತಿಕೊಂಡರೆ ಸಾಕು. ಮಾರನೆಯ ದಿನ ಹತ್ತು. ಮಗುವನ್ನು ಅಜ್ಜಿ ಕಸಿದುಕೊಳ್ಳುವಂತೆಯೂ ಇಲ್ಲ, ತಾಯಿಯ ಮೇಲೆ ಹೇರುವಂತೆಯೂ ಇಲ್ಲ.

ಇಲ್ಲಿಗೆ ಬರುವ ಎಲ್ಲರ ಬಾಯಲ್ಲಿಯೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: “ಗುಳಿಗೆ ನುಂಗಿದರೆ ಹಾಲು ಬಿಡಿಸಬೇಕೇ?” ಈ ಒಂದು ಭಯದಿಂದಲೇ ಎಷ್ಟೋ ತಾಯಂದಿರು ಔಷಧವನ್ನು ದಿಂಬಿನಡಿ ಬಚ್ಚಿಡುತ್ತಾರೆ. ಖಿನ್ನತೆಗೆ ಕೊಡುವ ಸರ್ಟ್ರಲಿನ್‌ನಂಥ ಔಷಧಗಳು ಹಾಲಿಗೆ ಸೇರುವ ಪ್ರಮಾಣ ತೀರ ಅಲ್ಪ. ಹೆಚ್ಚಿನವರು ಮೊಲೆಯೂಡಿಸುವುದನ್ನು ಮುಂದುವರಿಸಬಹುದು. ಕೆಲವು ಔಷಧಗಳ ವಿಷಯದಲ್ಲಿ ಎಚ್ಚರ ಬೇಕು. ಅದನ್ನು ವೈದ್ಯರೇ ತೂಗಿನೋಡುತ್ತಾರೆ. ಗುಳಿಗೆಯ ಗುಣ ಎರಡು ಮೂರು ದಿನಗಳಲ್ಲಿ ಕಾಣುವುದಿಲ್ಲ. ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ಗುಣ ಕಂಡೊಡನೆ ನಿಲ್ಲಿಸುವುದೂ ತಪ್ಪು. ವೈದ್ಯರು ಸಾಮಾನ್ಯವಾಗಿ ಮತ್ತೆ ಆರು ತಿಂಗಳಾದರೂ ಮುಂದುವರಿಸಲು ಹೇಳುತ್ತಾರೆ. ತಾಯಿ ಆಹಾರವನ್ನೇ ಬಿಟ್ಟಿದ್ದರೆ, ಸಾಯುವ ಹಂಬಲ ತೀವ್ರವಾಗಿದ್ದರೆ, ಅರಿವಳಿಕೆ ಕೊಟ್ಟು ಮಾಡುವ ವಿದ್ಯುತ್ ಚಿಕಿತ್ಸೆಯೂ ಉಪಯೋಗಕ್ಕೆ ಬರುತ್ತದೆ. ಸಿನಿಮಾಗಳಲ್ಲಿ ತೋರಿಸುವ ಚಿತ್ರಹಿಂಸೆಗೂ ಅದಕ್ಕೂ ಸಂಬಂಧವಿಲ್ಲ.

ಸೌಮ್ಯವಾದ ಖಿನ್ನತೆಗೆ ಬೆಂಗಳೂರಿನವರೆಗೆ ಬರಬೇಕಾದುದೂ ಇಲ್ಲ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಡಾ. ಆತಿಫ್ ರೆಹಮಾನ್ ಅವರ ತಂಡವು, ಮನೋವೈದ್ಯಶಾಸ್ತ್ರ ಕಲಿಯದ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಖಿನ್ನರಾದ ಬಸುರಿಯರ ಮನೆಗೆ ಕಳುಹಿಸಿತು. ಆ ಹೆಂಗಸರು ಕುಳಿತು ಕೇಳಿದರು; ಕತ್ತಲೆಯ ಯೋಚನೆಯ ಬದಲು ಇನ್ನೊಂದನ್ನು ಹುಡುಕಿಕೊಳ್ಳಲು ಕಲಿಸಿದರು; ಮಗುವಿನೊಂದಿಗೆ ಆಡುವುದನ್ನು ತೋರಿಸಿಕೊಟ್ಟರು. 2008ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಹೆರಿಗೆಯಾಗಿ ಆರು ತಿಂಗಳಾದಾಗ, ಈ ನೆರವು ಪಡೆದವರಲ್ಲಿ ನೂರಕ್ಕೆ 23 ಮಂದಿ ಖಿನ್ನರಾಗಿ ಉಳಿದಿದ್ದರು, ಪಡೆಯದವರಲ್ಲಿ 53 ಮಂದಿ. ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರೂ ಅಂಗನವಾಡಿಯ ಕಾರ್ಯಕರ್ತೆಯರೂ ಏನು ಮಾಡಬಲ್ಲರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಮನೆಯಲ್ಲಿಯೇ ಇರುವ ಮದ್ದು

ಈ ವಿಭಾಗವನ್ನು ಕುರಿತು ಯೋಚಿಸಿದವರಿಗೆ ಒಂದು ಸಂಗತಿ ಹೊಳೆಯದಿರದು. ತಾಯಿಗೆ ವಿಶ್ರಾಂತಿ, ಹೊತ್ತಿಗೆ ಸರಿಯಾದ ಊಟ, ಹೆತ್ತ ತಾಯಿಯ ಸಾಮೀಪ್ಯ, ಕೂಸಿನ ಆರೈಕೆಗೆ ಇನ್ನೊಂದು ಜೊತೆ ಕೈ, ಇವೆಲ್ಲ ನಮ್ಮ ಬಾಣಂತನದ ಅಂಗಗಳೇ. ಆಸ್ಪತ್ರೆ ಹೊಸದಾಗಿ ಸೇರಿಸಿರುವುದು ತಜ್ಞರ ಔಷಧವನ್ನೂ, ಒಂದು ಪ್ರಶ್ನೆಯನ್ನೂ. “ಹಾಲು ಬರುತ್ತಿದೆಯೇ? ಹೊಟ್ಟೆ ಒಳಗೆ ಹೋಯಿತೇ?” ಎಂದು ಕೇಳುವ ಬಾಯಿ, “ನಿನ್ನ ಮನಸ್ಸು ಹೇಗಿದೆ, ಮಗಳೇ?” ಎಂದೂ ಕೇಳಬೇಕು. ಕೇಳಿದ ಮೇಲೆ ಉತ್ತರವನ್ನು ಕೇಳಿಸಿಕೊಳ್ಳುವ ತಾಳ್ಮೆಯೂ ಇರಬೇಕು.

ಬಿಡತಕ್ಕ ವಾಡಿಕೆಗಳೂ ಇವೆ. ಬಾಣಂತಿಗೆ ನೀರು ಕುಡಿಯಗೊಡದಿರುವುದು ಅವುಗಳಲ್ಲಿ ಒಂದು. ಹೆರಿಗೆಯ ನಂತರ ಕೆಲವರಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವುದುಂಟು. ದೇಹದಲ್ಲಿ ನೀರು ಕಡಿಮೆಯಾಗುವುದು ಅದಕ್ಕೆ ಇಂಬುಕೊಡುವ ಕಾರಣಗಳಲ್ಲಿ ಸೇರಿದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು ತಾಯಿಗೂ ಒಳ್ಳೆಯದಲ್ಲ, ಕೂಸಿನ ಎಳೆಯ ಶ್ವಾಸಕೋಶಕ್ಕಂತೂ ಸಲ್ಲದು. ಎಲ್ಲಕ್ಕಿಂತ ಕೆಟ್ಟ ವಾಡಿಕೆ, ಹುಟ್ಟಿದ್ದು ಹೆಣ್ಣೆಂದು ಮುಖ ಸಿಂಡರಿಸುವುದು. ಗೋವೆಯಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮಗುವಿನ ಲಿಂಗದ ಬಗೆಗಿನ ನಿರಾಶೆಯೂ ಗಂಡನ ಹಿಂಸೆಯೂ ಬಡತನವೂ ತಾಯಿಯ ಖಿನ್ನತೆಯೊಂದಿಗೆ ಹೇಗೆ ಹೆಣೆದುಕೊಂಡಿವೆಯೆಂಬುದನ್ನು ತೋರಿಸಿಕೊಟ್ಟಿತು. ಆ ದುಃಖಕ್ಕೆ ಗುಳಿಗೆಯೊಂದೇ ಮದ್ದಲ್ಲ. ಮನೆಯವರ ನಡೆ ತಿದ್ದಬೇಕು.

ತಡೆಯುವ ಕೆಲಸ ಬಸುರಿನಲ್ಲಿಯೇ ಆರಂಭವಾಗಬೇಕು. ಖಿನ್ನತೆ ಅನೇಕರಿಗೆ ಹೆರಿಗೆಗೆ ಮೊದಲೇ ಬೇರೂರಿರುತ್ತದೆ. ಹಿಂದೊಮ್ಮೆ ಮನಸ್ಸಿನ ಕಾಯಿಲೆಯಾಗಿದ್ದವರು, ಹಿಂದಿನ ಬಾಣಂತನದಲ್ಲಿ ಸನ್ನಿಯಾಗಿದ್ದವರು, ಮಗುವನ್ನು ಕಳೆದುಕೊಂಡವರು ಅದನ್ನು ಮುಚ್ಚಿಡದೆ ಹೆರಿಗೆ ವೈದ್ಯರಿಗೆ ತಿಳಿಸಬೇಕು. ಸನ್ನಿ ಮುಂದಿನ ಹೆರಿಗೆಯಲ್ಲಿ ಮರುಕಳಿಸುವ ಸಾಧ್ಯತೆ ಹೆಚ್ಚು. ಮೊದಲೇ ತಿಳಿದಿದ್ದರೆ ತಡೆಗಟ್ಟುವುದಕ್ಕೆ ದಾರಿಯಿದೆ. ಔಷಧ ಸೇವಿಸುತ್ತಿದ್ದವರು ಬಸುರಾದೊಡನೆ ತಾವಾಗಿಯೇ ನಿಲ್ಲಿಸಬಾರದು. ಹೆರಿಗೆಯಾದ ಮೇಲೆ ರಾತ್ರಿಯಲ್ಲಿ ನಾಲ್ಕೈದು ಗಂಟೆಯಾದರೂ ತಾಯಿ ಎಡೆಬಿಡದೆ ಮಲಗುವಂತೆ ಮನೆಯವರು ಸರದಿ ಹಾಕಿಕೊಳ್ಳಬೇಕು. ನಗರದ ಎರಡು ಕೋಣೆಯ ಮನೆಯಲ್ಲಿ, ತವರಿನಿಂದ ದೂರವಾಗಿ ಗಂಡ ಹೆಂಡಿರಿಬ್ಬರೇ ಇರುವ ಕಡೆ, ಈ ಸರದಿಯಲ್ಲಿ ಗಂಡನ ಪಾಲು ಅರ್ಧ.

ಗಂಡನ ಮಾತು ಬಂದಾಗ ಇನ್ನೊಂದನ್ನು ಹೇಳಬೇಕು. ತಂದೆಯಾದವರಿಗೂ ಖಿನ್ನತೆ ಬರುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಹಾಕಿದ ಲೆಕ್ಕದಂತೆ ಸುಮಾರು ಹತ್ತರಲ್ಲಿ ಒಬ್ಬ ತಂದೆಗೆ. ಹೆಂಡತಿ ಖಿನ್ನಳಾಗಿದ್ದರೆ ಆ ಸಂಭವ ಹೆಚ್ಚು. ಗಂಡಸರಲ್ಲಿ ಅದು ಅಳುವಾಗಿ ಕಾಣಿಸದು. ಸಿಟ್ಟು, ಕುಡಿತ, ಮನೆಗೆ ತಡವಾಗಿ ಬರುವುದು, ಕಚೇರಿಯ ಕೆಲಸದಲ್ಲಿ ಮುಖ ಮರೆಸಿಕೊಳ್ಳುವುದು ಈ ವೇಷಗಳಲ್ಲಿ ಬರುತ್ತದೆ. ಹಾಸನದ ಆ ಅಳಿಯ ಚೀಟಿಗಳ ಚೀಲ ಹಿಡಿದು ಮುಂದೆ ಮುಂದೆ ನಡೆದದ್ದು ಧೈರ್ಯವೋ, ಅಳು ಕಾಣದಿರಲೆಂಬ ಉಪಾಯವೋ, ಬಲ್ಲವರಾರು? ವೈದ್ಯರು ಅವನನ್ನೂ ಕೂರಿಸಿ, “ನೀವು ಹೇಗಿದ್ದೀರಿ?” ಎಂದು ಕೇಳಿದಾಗ ಅವನಿಗೆ ಉತ್ತರ ಹೊರಡಲಿಲ್ಲ. ಮಗು ಹುಟ್ಟಿದ ಮೇಲೆ ಅವನನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಬೆಂಗಳೂರು ದೂರವೆನ್ನುವವರಿಗೆ ದೂರವಾಣಿಯಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಯನ್ನು 14416 ಸಂಖ್ಯೆಗೆ ಕರೆಮಾಡಿ ಪಡೆಯಬಹುದು. ಇದಕ್ಕೆ ಹಣ ತೆರಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸೇವೆಯ ಮಾರ್ಗದರ್ಶಿಯೂ ನಿಮ್ಹಾನ್ಸೇ. ಜೀವಕ್ಕೆ ಅಪಾಯವಿರುವಾಗ 108ರ ಆಂಬುಲೆನ್ಸನ್ನು ಕರೆಯಬೇಕು. ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು.

ಹಾಸನದ ಕುಟುಂಬ ಕೆಲವು ವಾರಗಳ ನಂತರ ಊರಿಗೆ ಹೊರಟಿತು. ಚೀಲದಲ್ಲಿ ಗುಳಿಗೆಯ ಚೀಟಿಯಿತ್ತು. ಮತ್ತೆ ಬರಬೇಕಾದ ದಿನವನ್ನು ಅದರಲ್ಲಿ ಬರೆದಿದ್ದರು. ಮಗಳು ಪೂರ್ತಿ ಮೊದಲಿನಂತಾಗಿದ್ದಳೆಂದಲ್ಲ. ನಿದ್ದೆ ಬರತೊಡಗಿತ್ತು, ಅನ್ನ ರುಚಿಸತೊಡಗಿತ್ತು, ಅಳು ಬಂದರೂ ಅದು ಬಂದುಹೋಗುವುದೆಂಬ ನಂಬಿಕೆ ಮೂಡಿತ್ತು. ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಅಳಿಯ, “ಲಾಲ್‌ಬಾಗಿಗೆ ಹೋಗೋಣವೇ, ಅತ್ತೆ?” ಎಂದು ಕೇಳಿದ. ಬಾಣಂತಿಯನ್ನು ಗಾಳಿಗೊಡ್ಡಬಾರದೆಂದು ಆ ಹಿರಿಯಳು ಮೊದಲು ಹಿಂಜರಿದಳು. ಬಳಿಕ ಮಗಳ ಮುಖವನ್ನು ನೋಡಿ, “ನಡೆಯಪ್ಪ, ಒಂದು ಗಳಿಗೆ ಕೂತು ಹೋಗೋಣ” ಎಂದಳು.

ಮರದ ನೆರಳಿನ ಕಲ್ಲುಬೆಂಚಿನ ಮೇಲೆ ಅವರು ಕುಳಿತರು. ಮಗು ಎಚ್ಚರವಾಗಿ ಮುಲುಗಿತು. ಅಜ್ಜಿ ಅಭ್ಯಾಸಬಲದಿಂದ ಕೈ ಚಾಚಿದಳು. ಅಷ್ಟರಲ್ಲಿ ಮಗಳು ಸೆರಗನ್ನು ಸರಿಪಡಿಸಿಕೊಂಡು, “ಇರಲಿ, ಅಮ್ಮ; ನಾನೇ ಎತ್ತಿಕೊಳ್ಳುತ್ತೇನೆ” ಎಂದಳು.